‘ಇಲ್ಲ’ ಎನ್ನಬಾರದ ಮನೆ

ನಮ್ಮ ಮನೆಯಲ್ಲಿ ಅಕ್ಕಿ ಮುಗಿಯುತ್ತಿರಲಿಲ್ಲ, ಹೆಚ್ಚುತ್ತಿತ್ತು. ಎಣ್ಣೆ ಹೆಚ್ಚುತ್ತಿತ್ತು, ಬೇಳೆ ಹೆಚ್ಚುತ್ತಿತ್ತು. ತಿಂಗಳ ಕೊನೆಯಲ್ಲಂತೂ ಸಕ್ಕರೆ, ಕಾಫಿಪುಡಿ, ಸೀಮೆಎಣ್ಣೆ ಎಲ್ಲವೂ ಒಟ್ಟೊಟ್ಟಿಗೆ ಹೆಚ್ಚಿಬಿಡುತ್ತಿದ್ದವು. ಹೊರಗಿನವರು ಕೇಳಿಸಿಕೊಂಡರೆ ಇವರ ಉಗ್ರಾಣ ತುಂಬಿ ತುಳುಕುತ್ತಿದೆ ಅಂದುಕೊಳ್ಳಬೇಕು. ಆದರೆ ನಮ್ಮಜ್ಜಿಯ ಭಾಷೆಯಲ್ಲಿ ‘ಹೆಚ್ಚಿದೆ’ ಎಂದರೆ ಖಾಲಿಯಾಗಿದೆ ಎಂದರ್ಥ. ಬಳೆ ಒಡೆದರೆ ಒಡೆಯಿತು ಅನ್ನದೆ ಹೆಚ್ಚಿತು ಅನ್ನುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ, ಹೊರಟವರು ಹೋಗ್ತೀನಿ ಅನ್ನದೆ ಬರ್ತೀನಿ ಅನ್ನುವ ಹಾಗೆ. ಅಜ್ಜಿ ಅದನ್ನು ಅಲ್ಲಿಗೇ ಬಿಡದೆ ಉಪ್ಪಿನ ಮರಿಗೆಯಿಂದ ಹಿಡಿದು ತನ್ನ ಮಗನ ಜೇಬಿನವರೆಗೆ ಎಲ್ಲಕ್ಕೂ ಹಬ್ಬಿಸಿದ್ದಳು. ಬಂದಿಲ್ಲ, ತಿಂದಿಲ್ಲ ಎಂದರೆ ತಕರಾರಿರಲಿಲ್ಲ. ಮನೆಯ ಪದಾರ್ಥಕ್ಕೂ ದುಡ್ಡಿಗೂ ಮಾತ್ರ ‘ಇಲ್ಲ’ ಸೇರಿಸಕೂಡದು. ಸೇರಿಸಿದರೆ ಸೂರಿನ ಮೇಲೆ ಓಡಾಡುವ ದೇವತೆಗಳು ಕೇಳಿಸಿಕೊಂಡು ‘ಅಸ್ತು’ ಅಂದುಬಿಡುತ್ತಾರೆ, ಅದರಲ್ಲೂ ಮುಸ್ಸಂಜೆಯ ಹೊತ್ತಿನಲ್ಲಿ ಅವರ ಕಿವಿ ಬಲು ಚುರುಕು ಎಂದು ಅಜ್ಜಿ ಹೇಳುತ್ತಿದ್ದಳು. ನಾನು ಚಿಕ್ಕವಳಿದ್ದಾಗ ಸಂಜೆಯಾಯಿತೆಂದರೆ ಬಾಯಿ ಮುಚ್ಚಿಕೊಂಡು ಹೆಂಚಿನ ಕಡೆ ನೋಡುತ್ತಿದ್ದೆ.

ಇದನ್ನು ಇವತ್ತು ಬರೆಯಲು ಕೂತಿದ್ದಕ್ಕೆ ಕಾರಣವಿದೆ. ಬೆಳಿಗ್ಗೆ ಮಗಳು ವಿಭಾ ಫೋನ್ ಮಾಡಿದ್ದಳು. ಅವಳೂ ಅಳಿಯಂದಿರೂ ಹೊಸ ಫ್ಲ್ಯಾಟ್ ಕೊಂಡಿದ್ದಾರೆ, ಒಳಗೆ ಮರದ ಕೆಲಸ ನಡೆಯುತ್ತಿದೆ.

“ಅಮ್ಮ, ಇಂಟೀರಿಯರ್‌ಗೆ ಸ್ವಲ್ಪ ಕಮ್ಮಿ ಬೀಳ್ತಿದೆ. ನಿನ್ ಹತ್ರ ಇದೆ ಅಲ್ವಾ? ಸಂಜೆ ಬರ್ತೀನಿ, ಮಾತಾಡೋಣ.”

“ಬಾ ಬಾ, ನೋಡೋಣ,” ಅಂದೆ. ಫೋನ್ ಇಟ್ಟ ಮೇಲೆ ನನ್ನ ಮೇಲೆ ನನಗೇ ರೇಗಿಹೋಯಿತು. ‘ನೋಡೋಣ’ ಎಂಬುದು ‘ಹೆಚ್ಚಿದೆ’ಯ ತಂಗಿ. ನೋಡಲು ಏನೂ ಉಳಿದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಬ್ಯಾಂಕಿನ ನೌಕರಿಯಿಂದ ನಿವೃತ್ತಳಾದಾಗ ಬಂದದ್ದರಲ್ಲಿ ಈಗ ಉಳಿದಿರುವುದು ಒಂದು ಠೇವಣಿ. ಪೆನ್ಷನ್ನಿಗೆ ಅದರ ಬಡ್ಡಿ ಸೇರಿದರೆ ಮಾತ್ರ ನನ್ನ ಬಾಡಿಗೆ, ಔಷಧಿ, ಊಟ ನಡೆಯುತ್ತದೆ. ಅದನ್ನು ಮುರಿದರೆ ಮುಂದಿನ ವರ್ಷದಿಂದ ನಾನು ಮಗಳ ಮುಂದೆ ಕೈ ಚಾಚಬೇಕು. ಇದನ್ನು ಅವಳಿಗೆ ಒಂದು ಮಾತಿನಲ್ಲಿ ಹೇಳಬಹುದು. ಆ ಒಂದು ಮಾತು ನನ್ನ ಗಂಟಲಿನಿಂದ ಹೊರಡುವುದಿಲ್ಲ. ಅದು ಯಾವ ಮನೆಯಲ್ಲಿ ಸಿಕ್ಕಿಕೊಂಡಿತು, ಆ ಮನೆಯಲ್ಲಿ ಒಬ್ಬಳು ಅದನ್ನು ಹೇಗೆ ಹೊರಗೆಳೆದಳು ಎಂಬುದನ್ನು ಸಂಜೆಯೊಳಗೆ ನೆನಪು ಮಾಡಿಕೊಳ್ಳಬೇಕಾಗಿದೆ. ಇವತ್ತು ಹೇಳಿಯೇ ಹೇಳುತ್ತೇನೆ ಎಂದು ನಿರ್ಧಾರ ಮಾಡಿಯೇ ಕೂತಿದ್ದೇನೆ.

ಮನೆ ಇದ್ದದ್ದು ಚಾಮರಾಜಪೇಟೆಯಲ್ಲಿ, ಈಗ ನಾನು ಬಾಡಿಗೆಗಿರುವ ಈ ಮಹಡಿಯಿಂದ ಎರಡು ರಸ್ತೆ ಆಚೆ. ರಸ್ತೆಗೆ ಅಂಟಿಕೊಂಡಂತೆ ಕೆಂಪು ಗಾರೆಯ ಜಗಲಿ, ಆಮೇಲೆ ಹಜಾರ, ಹಗಲಲ್ಲೂ ದೀಪ ಬೇಡುವ ನಡುಮನೆ, ಅದರ ಪಕ್ಕದಲ್ಲಿ ಉಗ್ರಾಣ, ಹಿಂದೆ ಅಡುಗೆಮನೆ, ಹಂಡೆಯ ಮಸಿ ಹಿಡಿದ ಬಚ್ಚಲು, ಒಂದು ಕರಿಬೇವಿನ ಗಿಡಕ್ಕೆ ಮಾತ್ರ ಜಾಗವಿದ್ದ ಹಿತ್ತಲು. ಹಜಾರಕ್ಕೆ ಬಂದವರಿಗೆ ಕಾಣುವುದೆಲ್ಲ ಹೊಳೆಯುತ್ತಿತ್ತು: ಹಿತ್ತಾಳೆ ಕಟ್ಟಿನ ಗಡಿಯಾರ, ತಾತನ ಪಟ, ಎರಡು ಬೆತ್ತದ ಕುರ್ಚಿ, ಕಿಟಕಿಯ ಪಕ್ಕ ಕಸೂತಿ ಬಟ್ಟೆ ಹೊದ್ದುಕೊಂಡ ಅಮ್ಮನ ಹೊಲಿಗೆ ಮಿಷನ್ನು. ನಡುಮನೆ ದಾಟಿ ಒಳಗೆ ಬಂದವರಿಗೆ ಬೇರೆ ಲೋಕ. ಅಲ್ಲಿ ಸೀಳಿದ ಚಾಪೆ, ಹಿಡಿ ಕಳೆದುಕೊಂಡ ಬಾಣಲೆ, ಅಪ್ಪಾಜಿಯ ಹಳೆಯ ಪಂಚೆಯಿಂದ ಹೊಲಿದ ನನ್ನ ಲಂಗದ ಒಳಪದರ. ನಡುಮನೆಯ ಬಾಗಿಲನ್ನು ಸದಾ ಅರ್ಧ ಮುಚ್ಚಿರುವುದು ಅಜ್ಜಿಯ ಎರಡನೆಯ ಕಾನೂನು. ಉಗ್ರಾಣದ ಅಕ್ಕಿ ಡ್ರಮ್ಮಿನ ತಳದಲ್ಲಿ ಒಂದು ಹಿಡಿ ಅಕ್ಕಿ ಯಾವತ್ತೂ ಉಳಿದಿರಬೇಕು ಎಂಬುದು ಮೂರನೆಯದು. ನಾವು ಗಂಜಿ ಕುಡಿದು ಮಲಗಿದ ದಿನವೂ ಆ ಒಂದು ಹಿಡಿ ಅಕ್ಕಿ ಡ್ರಮ್ಮಿನಲ್ಲಿ ಸುಖವಾಗಿ ಮಲಗಿರುತ್ತಿತ್ತು.

ಅಪ್ಪಾಜಿಯದು ಕಾಟನ್‌ಪೇಟೆಯಲ್ಲಿ ದಾರದ ಅಂಗಡಿ. ದಾರ, ಗುಂಡಿ, ಲೇಸು, ಲಾಡಿ, ದರ್ಜಿಗಳಿಗೆ ಬೇಕಾದ ಸಾಮಾನೆಲ್ಲ ಅಲ್ಲಿತ್ತು. ತಾತನ ಕಾಲದಿಂದ ಪೇಟೆಯಲ್ಲಿ ‘ದಾರದಂಗಡಿಯವರು’ ಎಂದರೆ ನಾವೇ. ಹಣೆಗೆ ಮೂರು ಬೆರಳು ವಿಭೂತಿ ಬಳಿದುಕೊಂಡು, ಕರಿಯ ಕೋಟು ತೊಟ್ಟು, ಅಂಗಡಿ ಬಾಗಿಲಿಗೆ ಕೈಮುಗಿದು ಗಲ್ಲಾಪೆಟ್ಟಿಗೆಯ ಮುಂದೆ ಕೂತರೆಂದರೆ ಅಪ್ಪಾಜಿಯ ಬಾಯಿಂದಲೂ ‘ಇಲ್ಲ’ ಬರುತ್ತಿರಲಿಲ್ಲ. ಯಾರಾದರೂ ಟೈಲರ್ ಬಂದು ಗಿಳಿಹಸಿರು ದಾರ ಕೇಳಿದರೆ, ಅದು ಅಂಗಡಿಯಲ್ಲಿರದಿದ್ದರೆ, “ನಾಳೆ ಬರುತ್ತೆ ಸ್ವಾಮಿ” ಅನ್ನುತ್ತಿದ್ದರು. ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿರುತ್ತಿತ್ತು. ಅಷ್ಟು ಹೊತ್ತಿಗೆ ಊರೆಲ್ಲ ಸಿದ್ಧ ಉಡುಪಿನ ಅಂಗಡಿಗಳು ಎದ್ದಿದ್ದವು, ದರ್ಜಿಗಳು ಒಬ್ಬೊಬ್ಬರಾಗಿ ಮಿಷನ್ನು ಎತ್ತಿಟ್ಟು ಬೇರೆ ಕಸುಬು ಹಿಡಿಯುತ್ತಿದ್ದರು. ಅಪ್ಪಾಜಿಯ ಗಿರಾಕಿಗಳು ಕರಗುತ್ತಿದ್ದರು. ಈ ಸಂಗತಿಯೂ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ನನಗೆ ಅದು ತಿಳಿದದ್ದು ಪೊಟ್ಟಣಗಳಿಂದ.

ವ್ಯಾಪಾರ ಚೆನ್ನಾಗಿ ಆದ ದಿನ ಅಪ್ಪಾಜಿ ಬರಿಗೈಯಲ್ಲಿ ಬರುತ್ತಿದ್ದರು. ಜಗಲಿಯ ಮೇಲೆ ಚಪ್ಪಲಿ ಬಿಟ್ಟು, ಏನೋ ಗುನುಗುತ್ತಾ ಕಾಲು ತೊಳೆದುಕೊಂಡು, ತಟ್ಟೆ ಹಾಕು ಅನ್ನುತ್ತಿದ್ದರು. ವ್ಯಾಪಾರ ಕೆಟ್ಟ ದಿನ ಎರಡೂ ಕೈ ತುಂಬಿರುತ್ತಿತ್ತು. ಕೃಷ್ಣರಾಜ ಮಾರುಕಟ್ಟೆಯ ಮೂಲಕ ಸುತ್ತಿಕೊಂಡು ಬಂದು ಮಾವಿನಹಣ್ಣಿನ ಬುಟ್ಟಿ, ಮೊಳಗಟ್ಟಲೆ ಮಲ್ಲಿಗೆ, ತುಪ್ಪ ಜಿನುಗುವ ಮೈಸೂರುಪಾಕಿನ ಪೊಟ್ಟಣ ಹೊತ್ತು ತರುತ್ತಿದ್ದರು. ದಾರಿಯಲ್ಲಿ ಯಾರಾದರೂ ಸಿಕ್ಕಿದರೆ ಅವರಿಗೂ ಎರಡು ಹಣ್ಣು. ನನಗೆ ಬಹಳ ದಿನ ಇದರ ಗುಟ್ಟು ಹತ್ತಲಿಲ್ಲ. ಪೊಟ್ಟಣ ನೋಡಿ ಕುಣಿಯುತ್ತಿದ್ದೆ. ಅಮ್ಮ ಮಾತ್ರ ಬಾಗಿಲಲ್ಲಿ ನಿಂತು ಮೊದಲು ಅವರ ಕೈ ನೋಡುತ್ತಿದ್ದಳು, ಆಮೇಲೆ ಮುಖ. ಕೈ ತುಂಬಿದ್ದರೆ ಅವಳ ಮುಖ ಬಾಡುತ್ತಿತ್ತು.

“ಇಷ್ಟೆಲ್ಲ ಯಾಕೆ ತಂದ್ರಿ?”

“ಮಗು ತಿನ್ಲಿ ಅಂತ. ಸೀಸನ್ನು ಕಣೇ.”

“ಅಂಗಡಿ ಹೇಗಿತ್ತು?”

“ಪರವಾಗಿಲ್ಲ.”

ಆ ಮನೆಯಲ್ಲಿ ದುಡ್ಡಿನ ವಿಷಯಕ್ಕೆ ಸಲ್ಲುತ್ತಿದ್ದ ಒಂದೇ ಒಂದು ‘ಇಲ್ಲ’ ಈ ‘ಪರವಾಗಿಲ್ಲ’. ಅದನ್ನು ಅಜ್ಜಿಯೂ ಮಾಫಿ ಮಾಡಿದ್ದಳು. ಅಮ್ಮ ಮಲ್ಲಿಗೆಯನ್ನು ಕೈಗೆ ತೆಗೆದುಕೊಂಡು, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಎಂಬ ಗಾದೆಯನ್ನು ಪೂರ್ತಿ ಆಡಲಾರದೆ, “ಜುಟ್ಟಿಗೆ ಮಲ್ಲಿಗೆ ಹೂವು,” ಎಂದಷ್ಟೇ ಹೇಳಿ ಒಳಗೆ ಹೋಗುತ್ತಿದ್ದಳು. ಮೊದಲ ಅರ್ಧ ನಮಗೆಲ್ಲ ಕೇಳಿಸುತ್ತಿತ್ತು. ಅವರಿಬ್ಬರ ಜಗಳಗಳೆಲ್ಲ ಹೀಗೇ ಅರ್ಧಂಬರ್ಧ. ‘ಇಲ್ಲ’ ಎಂಬ ಮಾತೇ ಇಲ್ಲದೆ ದುಡ್ಡಿನ ಬಗ್ಗೆ ಜಗಳ ಆಡಿ ನೋಡಿ, ಗೊತ್ತಾಗುತ್ತದೆ. ಪಾತ್ರೆ ಕುಕ್ಕಬಹುದು, ಬಾಗಿಲು ದಬಕ್ಕೆನ್ನಿಸಬಹುದು, ಊಟಕ್ಕೆ ಬನ್ನಿ ಅನ್ನುವುದನ್ನು ಗೋಡೆಗೆ ಹೇಳಬಹುದು. ವಿಷಯ ಮಾತ್ರ ಇದ್ದಲ್ಲೇ ಇರುತ್ತದೆ. ಅಪ್ಪಾಜಿ ಆ ಮಾವಿನಹಣ್ಣನ್ನು ತಾವು ತಿನ್ನುತ್ತಿರಲಿಲ್ಲ. ಅನ್ನವನ್ನೂ ಎರಡು ತುತ್ತಿಗೆ ಮುಗಿಸಿ ಏಳುತ್ತಿದ್ದರು. ಅವರು ಶೋಕಿಗೆ ಖರ್ಚು ಮಾಡುತ್ತಿದ್ದರೆಂದು ಬಂಧುಗಳು ಆಡಿಕೊಂಡದ್ದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಅವರು ಹೆದರಿಕೆಗೆ ಖರ್ಚು ಮಾಡುತ್ತಿದ್ದರು. ಕೈ ತುಂಬಿದ್ದರೆ ಬರಿಗೈ ಎಂದು ಯಾರೂ ಹೇಳಲಾರರು, ತಮಗೆ ತಾವೂ ಹೇಳಿಕೊಳ್ಳಬೇಕಾಗಿಲ್ಲ.

ಅಮ್ಮನ ಹೆಸರು ಸರ್ವಮಂಗಳ. ಮದುವೆಯಲ್ಲಿ ತವರಿನವರು ಕೊಟ್ಟ ಆ ಕಾಲಲ್ಲಿ ತುಳಿಯುವ ಮಿಷನ್ನು ಅವಳ ಪ್ರಾಣ. ನನ್ನ ಲಂಗ, ಅಜ್ಜಿಯ ರವಿಕೆ, ದಿಂಬಿನ ಚೀಲ ಎಲ್ಲ ಅದರಲ್ಲೇ. ಪಕ್ಕದ ರಸ್ತೆಯ ಹೆಂಗಸರು ಅವಳ ಕೈಯ ಹೊಲಿಗೆ ನೋಡಿ ರವಿಕೆ ಹೊಲಿದುಕೊಡಿ, ದುಡ್ಡು ಕೊಡ್ತೀವಿ ಅಂತ ಕೇಳಿದ್ದರು. ಅಪ್ಪಾಜಿ ಒಪ್ಪಿರಲಿಲ್ಲ.

“ದಾರದಂಗಡಿ ಯಜಮಾನ್ರ ಹೆಂಡ್ತಿ ಕೂಲಿಗೆ ಹೊಲೀತಾಳೆ ಅಂತ ಪೇಟೆಲೆಲ್ಲ ಆಡ್ಕೋತಾರೆ. ಬೇಡ.”

ಅಮ್ಮ ಆಗ ಸುಮ್ಮನಾದಳು. ಆದರೆ ಅವಳು ಸುಮ್ಮನಾಗುವುದಕ್ಕೂ ಒಪ್ಪುವುದಕ್ಕೂ ವ್ಯತ್ಯಾಸವಿತ್ತು. ಒಂದು ಮಧ್ಯಾಹ್ನ ಮಿಷನ್ನಿಗೆ ಎಣ್ಣೆ ಬಿಡುತ್ತಾ ನನಗೆ ಹೇಳಿದಳು, “ಶೈಲು, ಶ್ರಾವಣ ಬರ್ಲಿ. ಇದನ್ನ ಜಗಲಿ ಮೇಲೆ ಹಾಕ್ಕೊಂಡು ಕೂತ್ಕೋತೀನಿ. ಯಾರು ಏನಾದ್ರೂ ಅನ್ಕೊಳ್ಲಿ. ನಿನ್ ಸ್ಕೂಲ್ ಫೀಸು, ಮನೆ ಅಕ್ಕಿ ಇದ್ರಲ್ಲೇ ಬರುತ್ತೆ.” ಹೇಳುವಾಗ ಚಕ್ರದ ಮೇಲೆ ಕೈ ಇಟ್ಟುಕೊಂಡಿದ್ದಳು. ಅದು ಬರಿಯ ಆಸೆಯಲ್ಲ, ಲೆಕ್ಕ ಹಾಕಿ ಮಾಡಿದ ತೀರ್ಮಾನ ಎಂದು ನನಗೂ ತಿಳಿಯಿತು.

ಶ್ರಾವಣಕ್ಕೆ ಮೊದಲೇ ನಾನು ಎಡವಟ್ಟು ಮಾಡಿದೆ. ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳ ಮನೆಗಳಿಂದ ಕೈಲಾದಷ್ಟು ಚಂದಾ ತರಲು ಹೇಳಿದ್ದರು. ನಮ್ಮ ಕ್ಲಾಸ್ ಮಿಸ್ ಮಂಗಳೂರು ಕಡೆಯವರು, ಹೊಸದಾಗಿ ಬಂದಿದ್ದರು, ಪುಸ್ತಕದ ಹಾಗೆ ಸ್ವಚ್ಛವಾಗಿ ಮಾತಾಡುತ್ತಿದ್ದರು. ನಾನು ಮನೆಯಲ್ಲಿ ಕೇಳಿದೆ. ಅಕ್ಕಿರೊಟ್ಟಿ ತಟ್ಟುತ್ತಿದ್ದ ಅಮ್ಮ, ಅಜ್ಜಿ ಪಕ್ಕದಲ್ಲೇ ಕೂತಿದ್ದರಿಂದ, ಮನೆಯ ಭಾಷೆಯಲ್ಲೇ ಉತ್ತರ ಕೊಟ್ಟಳು:

“ಈಗ ದುಡ್ಡು ಹೆಚ್ಚಿದೆ ಮಗಳೇ. ಮುಂದೆ ನೋಡೋಣ.”

ನಾನು ಹೋಗಿ ತರಗತಿಯಲ್ಲಿ ಎದ್ದು ನಿಂತು, ಸ್ವಲ್ಪ ನಾಚಿಕೆಯಿಂದಲೇ, ಹಾಗೇ ಒಪ್ಪಿಸಿದೆ.

“ಮಿಸ್, ನಮ್ಮನೇಲಿ ಈಗ ದುಡ್ಡು ಹೆಚ್ಚಿದೆಯಂತೆ.”

ಮಿಸ್ ಕಣ್ಣರಳಿಸಿ, “ಹೌದಾ ಮಗು? ಬಹಳ ಸಂತೋಷ. ಎಷ್ಟು ಒಳ್ಳೆಯ ಮನೆಯವರು!” ಎಂದರು. ನಾನು ತಲೆ ತಗ್ಗಿಸಿದೆ. ಅದನ್ನು ಅವರು ವಿನಯ ಅಂದುಕೊಂಡರು. ಇವರು ನಮ್ಮ ಬಡತನಕ್ಕೆ ಇಷ್ಟೇಕೆ ಸಂತೋಷಪಡುತ್ತಾರೆ ಎಂದು ನನಗೆ ಅವತ್ತೆಲ್ಲ ಯೋಚನೆ. ವಾರ ಕಳೆಯುವುದರೊಳಗೆ ಮುಖ್ಯೋಪಾಧ್ಯಾಯಿನಿ ಅಪ್ಪಾಜಿಯನ್ನು ಬರಹೇಳಿದರು. ಅಪ್ಪಾಜಿ ಕೋಟಿಗೆ ಇಸ್ತ್ರಿ ಹಾಕಿಸಿಕೊಂಡು ಹೋದರು. ಸಂಜೆ ಬಂದಾಗ ಒಂದು ಕೈಯಲ್ಲಿ ಮೈಸೂರುಪಾಕು, ಇನ್ನೊಂದು ಕೈಯಲ್ಲಿ ಸೇವಂತಿಗೆ, ಬಗಲಲ್ಲಿ ಅನಾನಸ್ ಹಣ್ಣು. ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಸ್ಟೇಜ್ ಮೇಲೆ ಕೂರಿಸ್ತಾರಂತೆ ಕಣೇ. ಹಾರ ಹಾಕ್ತಾರಂತೆ. ದಾನಿಗಳು ಅಂತ ಹೆಸರು ಕೂಗ್ತಾರಂತೆ.”

“ಏನ್ ಕೊಡ್ತೀನಿ ಅಂತ ಹೇಳಿ ಬಂದ್ರಿ?”

“ದುಡ್ಡಿನ ಮಾತೇ ಎತ್ಲಿಲ್ಲ ನಾನು. ಹೆಣ್ಣುಮಕ್ಳಿಗೆ ಹೊಲಿಗೆ ಕ್ಲಾಸ್ ಶುರು ಮಾಡ್ತಾರಂತೆ. ನಮ್ಮನೇಲಿ ಒಂದು ಮಿಷನ್ ಸುಮ್ನೆ ಕೂತಿದೆ, ತಗೊಂಡ್ಹೋಗಿ ಅಂದೆ. ನಾಳೆ ಸಂಜೆ ಗಾಡಿ ಕಳಿಸ್ತಾರೆ.”

ಹೇಳುವಾಗ ಅಪ್ಪಾಜಿಯ ಮುಖದಲ್ಲಿ ನಿಜವಾಗಿ ಹೊಳಪಿತ್ತು. ಒಂದು ಕಾಸೂ ಕೈಯಲ್ಲಿರದ ಮನುಷ್ಯ ಒಂದು ಕಾಸೂ ಬಿಚ್ಚದೆ ದಾನಿಯಾಗಿದ್ದರು. ಇಂಥ ಜಾಣತನ ಅವರಿಗೆ ದಿನವೂ ಹೊಳೆಯುತ್ತಿರಲಿಲ್ಲ. ಅದು ಅಮ್ಮನ ಮಿಷನ್ನು ಎಂಬುದಾಗಲಿ, ಶ್ರಾವಣದ ಲೆಕ್ಕವಾಗಲಿ ಅವರಿಗೆ ತೋಚಲೇ ಇಲ್ಲ. ಅಜ್ಜಿ, “ಒಳ್ಳೇದಾಯ್ತು ಬಿಡು, ವಿದ್ಯಾದಾನ,” ಅಂದಳು. ಅಮ್ಮ ಅನಾನಸ್ ತೆಗೆದುಕೊಂಡು ಹೋಗಿ ಅಡುಗೆಮನೆಯಲ್ಲಿಟ್ಟಳು. ಅವತ್ತು ಪಾತ್ರೆಯ ಸದ್ದೂ ಆಗಲಿಲ್ಲ. ನನಗೆ ಭಯವಾದದ್ದು ಅದಕ್ಕೇ.

ಮರುದಿನ ಸಂಜೆ ಶಾಲೆಯ ಜವಾನ ಕೈಗಾಡಿ ತಳ್ಳಿಕೊಂಡು ಬಂದ. ಜೊತೆಗೆ ಧನ್ಯವಾದ ಹೇಳಲು ಮಿಸ್ ಖುದ್ದಾಗಿ ಬಂದಿದ್ದರು. ಅಜ್ಜಿ ದೇವರ ಮುಂದೆ ದೀಪ ಹಚ್ಚುತ್ತಿದ್ದಳು. ಅಪ್ಪಾಜಿ, ಬನ್ನಿ ಬನ್ನಿ ಎಂದು ಮಿಸ್‌ಗೆ ಬೆತ್ತದ ಕುರ್ಚಿ ಎಳೆದು, ನಡುಮನೆಯ ಬಾಗಿಲನ್ನು ಇನ್ನಷ್ಟು ಮುಚ್ಚಿ, ಮಿಷನ್ನಿನ ಮೇಲಿನ ಕಸೂತಿ ಬಟ್ಟೆ ತೆಗೆದರು. ಜವಾನ ಬಗ್ಗಿ ಒಂದು ಕಡೆ ಹಿಡಿದುಕೊಂಡ. ಆಗ ನಡುಮನೆಯ ಬಾಗಿಲು ಪೂರ್ತಿ ತೆರೆಯಿತು. ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದಳು. ಯಾರನ್ನೂ ನೋಡದೆ ಮಿಷನ್ನಿನ ಮುಂದಿದ್ದ ಸ್ಟೂಲಿನ ಮೇಲೆ ಕೂತಳು, ಎರಡೂ ಪಾದವನ್ನು ತುಳಿಮಣೆಯ ಮೇಲಿಟ್ಟಳು.

“ಇಲ್ಲ,” ಅಂದಳು.

ಏನಿಲ್ಲ, ಯಾಕಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಮಿಸ್ ನಗಲು ನೋಡಿದರು.

“ಮಿಷನ್ ಕೊಡೋದಿಲ್ಲ ಮಿಸ್. ಬೇಜಾರ್ ಮಾಡ್ಕೋಬೇಡಿ. ಮನೇಲಿ ದುಡ್ಡಿಲ್ಲ. ಅಕ್ಕಿ ಇಲ್ಲ, ಎಣ್ಣೆ ಇಲ್ಲ. ಅಂಗಡೀಲಿ ವ್ಯಾಪಾರ ಇಲ್ಲ.”

“ಸರ್ವಮಂಗಳಾ!” ಅಜ್ಜಿ ದೇವರ ಮನೆಯಿಂದ ಕೂಗಿದಳು. “ದೀಪ ಹಚ್ಚಿದೀನಿ ಕಣೇ!”

“ಹಚ್ಚಿದೀರಲ್ಲ ಅತ್ತೆ. ಅದಕ್ಕೇ ಬೆಳಕಲ್ಲೇ ಹೇಳ್ತಿದೀನಿ.”

ಮಿಸ್ ಪಾಪ ಎದ್ದು ನಿಂತಿದ್ದರು. “ಆದರೆ ಮಗುವೇ ಹೇಳಿದ್ದಲ್ಲವಾ, ಮನೆಯಲ್ಲಿ ಹಣ ಹೆಚ್ಚಿದೆ ಎಂದು?” ಅಂದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಗಡಿಯಾರದ ಕೆಳಗೆ ಗೋಡೆಗೆ ಅಂಟಿಕೊಂಡೆ. ಅಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಆ ಹೊತ್ತಿನಲ್ಲಿ, ಆ ಸಂಕಟದಲ್ಲಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ನಮ್ಮನೇಲಿ ಹೆಚ್ಚಿದೆ ಅಂದ್ರೆ ಇಲ್ಲ ಅಂತ ಮಿಸ್. ಮಗು ಸರಿಯಾಗೇ ಹೇಳಿದೆ. ನಾವೇ ಮಾತು ಕೆಡಿಸಿ ಇಟ್ಟಿದೀವಿ.”

ಅಪ್ಪಾಜಿಯ ಕಿವಿ ಕೆಂಪಾಗಿತ್ತು. ಅವರು ಕೂಗಾಡುತ್ತಾರೆ ಎಂದು ನಾನು ಕಾದೆ. ಅವರು ಮಡಿಸಿ ಹಿಡಿದಿದ್ದ ಕಸೂತಿ ಬಟ್ಟೆಯನ್ನು ಕುರ್ಚಿಯ ಮೇಲೆ ಇಟ್ಟು, ಹೊರಗೆ ಹೋಗಿ ಜಗಲಿಯ ಮೇಲೆ ರಸ್ತೆಗೆ ಮುಖ ಮಾಡಿ ಕೂತರು. ಅವರ ಬೆನ್ನು ನೋಡಿ ನನಗೆ ಅಳು ಬಂತು. ಅಮ್ಮನಿಗೂ ಬಂದಿರಬೇಕು. ಆದರೆ ಅವಳ ಪಾದ ತುಳಿಮಣೆಯಿಂದ ಏಳಲಿಲ್ಲ.

“ಏನಿಲ್ಲ ಅಂತ ಹೇಳಿದ್ದಾಯ್ತು. ಏನಿದೆ ಅಂತಾನೂ ಹೇಳ್ಬಿಡ್ತೀನಿ, ಕೂತ್ಕೊಳ್ಳಿ. ಮಿಷನ್ ಇದೆ. ಅಂಗಡೀಲಿ ಬೇಕಾದ ಬಣ್ಣದ ದಾರ ಇದೆ. ನನಗೆ ಕೆಲ್ಸ ಬರುತ್ತೆ. ಮಕ್ಕಳ ಡ್ಯಾನ್ಸಿಗೆ ಬಟ್ಟೆ ಹೊಲಿಸ್ತೀರಲ್ಲ, ನನಗೇ ಕೊಡಿ. ಬೇರೆಯವರಿಗಿಂತ ಕಮ್ಮಿಗೆ ಹೊಲಿದು ಕೊಡ್ತೀನಿ. ಪುಕ್ಸಟ್ಟೆ ಹೊಲಿಯಲ್ಲ.”

ಈ ಕೊನೆಯ ಮಾತನ್ನು ಅವಳು ಜಗಲಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು. ಮಿಸ್ ಮತ್ತೆ ಕೂತರು. ಅಮ್ಮ ನೀರು ಕಾಫಿ ಮಾಡಿಕೊಟ್ಟಳು, “ಹಾಲು ಇಲ್ಲ,” ಎಂದು ಹೇಳಿಯೇ ಕೊಟ್ಟಳು. ಒಮ್ಮೆ ಬಾಯಿಗೆ ರುಚಿ ಹತ್ತಿದ ಮೇಲೆ ಅವಳು ಆ ಮಾತನ್ನು ಬಿಡುವ ಹಾಗೇ ಕಾಣಲಿಲ್ಲ. ಜವಾನ ಖಾಲಿ ಗಾಡಿ ತಳ್ಳಿಕೊಂಡು ವಾಪಸು ಹೋದ.

ಅಜ್ಜಿ ದಿನಗಟ್ಟಲೆ ಅನಾಹುತಕ್ಕೆ ಕಾದಳು. ಬಚ್ಚಲಿನ ಗಾರೆ ಒಂದು ಚೂರು ಕಿತ್ತು ಬಿದ್ದಾಗ, “ನೋಡಿದ್ಯಾ, ಅಸ್ತು ಅಂದ್ರು,” ಎಂದು ಮಿಂಚಿದಳು. ಅದು ನಾನು ಹುಟ್ಟುವ ಮೊದಲಿನಿಂದ ಕಿತ್ತು ಬೀಳುತ್ತಿದ್ದ ಗಾರೆ. ಅನಾಹುತವೇನೂ ಆಗಲಿಲ್ಲ, ಐಶ್ವರ್ಯವೂ ಬರಲಿಲ್ಲ. ಆದದ್ದು ಇಷ್ಟು: ಮರುದಿನ ಅಪ್ಪಾಜಿ ಅಂಗಡಿಯಿಂದ ಬರಿಗೈಯಲ್ಲಿ ಬಂದರು. ವ್ಯಾಪಾರ ಚೆನ್ನಾಗಿತ್ತೇನೋ ಅಂದುಕೊಂಡೆ. ಅಮ್ಮ ಕೇಳಿದಳು.

“ಅಂಗಡಿ ಹೇಗಿತ್ತು?”

ಅಪ್ಪಾಜಿ ಕಾಲು ತೊಳೆದುಕೊಂಡು, ಪಂಚೆಯ ತುದಿಯಲ್ಲಿ ಮುಖ ಒರೆಸಿಕೊಂಡು ಹೇಳಿದರು.

“ಬೋಣೀನೂ ಆಗ್ಲಿಲ್ಲ ಕಣೇ.”

ಆಮೇಲೆ ಊಟಕ್ಕೆ ಕೂತರು. ಬರಿ ಸಾರು ಅನ್ನ. ಎರಡನೆಯ ಸಲ ಅನ್ನ ಹಾಕಿಸಿಕೊಂಡರು. ಕೆಟ್ಟ ವ್ಯಾಪಾರದ ದಿನ ಅವರು ಹೊಟ್ಟೆ ತುಂಬ ಉಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಮ್ಮ ಬಡಿಸುತ್ತಾ ಮುಖ ಆ ಕಡೆ ತಿರುಗಿಸಿಕೊಂಡಿದ್ದಳು.

ಮಿಷನ್ನು ಶ್ರಾವಣಕ್ಕೆ ಕಾಯದೆ ಜಗಲಿಗೆ ಬಂತು. ಪೇಟೆಯಲ್ಲಿ ಆಡಿಕೊಂಡವರು ಆಡಿಕೊಂಡರು, ಅವರಲ್ಲೇ ಕೆಲವರ ಹೆಂಡತಿಯರು ರವಿಕೆ ಬಟ್ಟೆ ತಂದುಕೊಟ್ಟರು. ಶಾಲೆಯವರು ಕೂಲಿಯನ್ನು ಸತಾಯಿಸಿಯೇ ಕೊಟ್ಟರು. ಅಮ್ಮ ಅದಕ್ಕಾಗಿ ನಾಚಿಕೆಯಿಲ್ಲದೆ ಮತ್ತೆ ಮತ್ತೆ ಹೋಗಿ ಬಂದಳು. ವಾರ್ಷಿಕೋತ್ಸವದಲ್ಲಿ ಅಪ್ಪಾಜಿ ವೇದಿಕೆಯ ಮೇಲೆ ಕೂರಲಿಲ್ಲ, ಇಸ್ತ್ರಿಯ ಕೋಟು ಮಾತ್ರ ತೊಟ್ಟುಕೊಂಡು ಬಂದು ಜನರ ನಡುವೆ ಕೂತರು. ಚಿಟ್ಟೆಯ ಕುಣಿತದಲ್ಲಿ ಒಬ್ಬ ಹುಡುಗಿಯ ರೆಕ್ಕೆಯ ಹೊಲಿಗೆ ಬಿಚ್ಚಿ ನೇತಾಡಿದಾಗ, “ಅದು ನಮ್ಮಂಗಡಿ ದಾರ ಅಲ್ಲ,” ಎಂದು ಪಕ್ಕದವರಿಗೆ ಪಿಸುಗುಟ್ಟಿದರು. ನಮ್ಮಂಗಡಿಯದೇ ಆಗಿತ್ತು. ಆಮೇಲಿನ ವರ್ಷಗಳಲ್ಲಿ ಅವರು ಅಂಗಡಿಯ ಅರ್ಧ ಭಾಗವನ್ನು ಬಾಡಿಗೆಗೆ ಬಿಟ್ಟರು, ಉಳಿದರ್ಧದಲ್ಲಿ ಅಮ್ಮನಿಗೆ ಬೇಕಾದದ್ದನ್ನೇ ಹೆಚ್ಚು ಇಟ್ಟರು. ನಾನು ಓದಿದ್ದು, ನೌಕರಿ ಹಿಡಿದದ್ದು ಆ ಮಿಷನ್ನಿನ ಸದ್ದಿನಲ್ಲಿ. ಅಜ್ಜಿಯನ್ನೂ ಹೇಳಬೇಕು. ಒಂದು ದಿನ ಪಕ್ಕದ ಮನೆಯಾಕೆ ಕಾಫಿಪುಡಿ ಕಡ ಕೇಳಲು ಬಂದಾಗ ಅಜ್ಜಿ, “ಹೆಚ್...” ಎಂದು ಶುರು ಮಾಡಿ, ತಡೆದು, ಸೂರಿನ ಕಡೆ ಒಮ್ಮೆ ಹೆದರಿಕೆಯಿಂದ ನೋಡಿ, “ಇಲ್ಲ ಕಣಮ್ಮ. ನಮ್ಮಲ್ಲೂ ಇಲ್ಲ,” ಎಂದಳು. ಆಕೆ, “ಅಯ್ಯೋ ನಿಮ್ಮಲ್ಲೂ ಇಲ್ವಾ ಅಜ್ಜಿ!” ಎಂದು ಎಷ್ಟು ಹಗುರಾಗಿ ನಕ್ಕಳೆಂದರೆ, ಇಬ್ಬರೂ ಜಗಲಿಯ ಮೇಲೆ ಕೂತು ಕಾಫಿಯಿಲ್ಲದೆಯೇ ಗಂಟೆಗಟ್ಟಲೆ ಹರಟಿದರು.

ಇಷ್ಟೆಲ್ಲ ಕಣ್ಣಾರೆ ಕಂಡವಳು ನಾನು. ಆದರೂ ಕಲಿತದ್ದು ಅಮ್ಮನಿಂದಲ್ಲ, ಅಪ್ಪಾಜಿಯಿಂದ. ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಸಾವಿರಾರು ಜನಕ್ಕೆ ‘ಬ್ಯಾಲೆನ್ಸ್ ಇಲ್ಲ’ ಎಂದು ಹೇಳಿದ್ದೇನೆ. ಶುರುವಿನಲ್ಲಿ ಅದನ್ನೂ ಹೇಳಲಾರದೆ ‘ಇನ್ನೊಂದು ಸಲ ಚೆಕ್ ಮಾಡಿ’ ಎಂದು ತೊದಲುತ್ತಿದ್ದೆ. ನನ್ನ ಸ್ವಂತದ ವಿಷಯ ಬಂದರೆ ಇವತ್ತಿಗೂ ತೊದಲು. ನನ್ನ ಯಜಮಾನರು ತೀರಿಕೊಂಡ ಮೇಲೆ ಒಂಟಿತನಕ್ಕಿಂತ ಹೆ‌ಚ್ಚು ಹೆದರಿಸಿದ್ದು ತಿಂಗಳ ಖರ್ಚು. ಹೆದರಿಕೆಯಾದ ದಿನ ನಾನು ಕೈ ಕಟ್ಟಿಕೊಂಡು ಕೂರಲಿಲ್ಲ, ಫೋನು ಹಿಡಿದುಕೊಂಡು ಕೂತೆ. ಆಸ್ಪತ್ರೆಯ ಬಿಲ್ಲು ಬಂದ ವಾರ ಮೊಮ್ಮಗನಿಗೆ ಸೈಕಲ್. ಬಾಡಿಗೆ ಏರಿದ ತಿಂಗಳು ವಿಭಾಗೆ ರೇಷ್ಮೆ ಸೀರೆ. ಬಾಗಿಲಿಗೆ ಬರುವ ಪಾರ್ಸೆಲ್ಲಿನ ರಟ್ಟಿನ ಡಬ್ಬಗಳನ್ನು ಬಿಚ್ಚುವಾಗಲೆಲ್ಲ ಮೂಗಿಗೆ ಮಾವಿನಹಣ್ಣಿನ ವಾಸನೆ ಬಂದಂತಾಗುತ್ತಿತ್ತು. ಮೊಮ್ಮಗ ಒಮ್ಮೆ, “ಅಜ್ಜಿ ಹತ್ರ ತುಂಬಾ ದುಡ್ಡಿದೆ,” ಎಂದು ಗೆಳೆಯನಿಗೆ ಹೇಳುತ್ತಿದ್ದುದು ಕೇಳಿಸಿತು. ಮಗಳು ‘ಇದೆ ಅಲ್ವಾ’ ಎಂದು ಕೇಳಿದರೆ ಅವಳದೇನು ತಪ್ಪು? ಪೊಟ್ಟಣ ನೋಡಿ ನಾನೂ ಹಾಗೇ ಕುಣಿದವಳಲ್ಲವೇ.

ಇಲ್ಲಿಯವರೆಗೆ ಬರೆದು ಎದ್ದು ದೀಪ ಹಚ್ಚಿದೆ. ಮೆಟ್ಟಿಲ ಮೇಲೆ ವಿಭಾಳ ಹೆಜ್ಜೆ ಕೇಳಿಸಿತು. ಬಾಗಿಲು ತೆರೆದೆ. ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದೆ, ಅದು ಅಲ್ಲೇ ನಿಂತಿತು. ಅವಳ ಒಂದು ಕೈಯಲ್ಲಿ ದೊಡ್ಡ ಸಿಹಿ ಡಬ್ಬ, ಇನ್ನೊಂದು ಕೈಯಲ್ಲಿ ದ್ರಾಕ್ಷಿ, ಸೇಬು, ದಾಳಿಂಬೆ ತುಂಬಿದ ಚೀಲ, ತೋಳಿಗೆ ನೇತುಹಾಕಿಕೊಂಡ ಸೀರೆ ಅಂಗಡಿಯ ಕವರು.

“ಇಷ್ಟೆಲ್ಲ ಯಾಕೆ ತಂದೆ?” ಅಂದೆ.

“ಸುಮ್ನೆ ಅಮ್ಮ. ನೀನು ತಿನ್ನು ಅಂತ.”

ನಾನು ಅವಳ ಕೈ ನೋಡಿದೆ, ಆಮೇಲೆ ಮುಖ. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಹಣ್ಣಿನ ಚೀಲದ ಹಿಡಿ ಬೆರಳುಗಳಲ್ಲಿ ಕಚ್ಚಿಕೊಂಡು ಕೆಂಪು ಗೆರೆ ಮೂಡಿತ್ತು. ಅವಳ ಕೈಯಿಂದ ಒಂದೊಂದೇ ಬಿಡಿಸಿ ಮೇಜಿನ ಮೇಲಿಟ್ಟೆ. ಮೂಲೆಯಲ್ಲಿರುವ ಅಮ್ಮನ ಮಿಷನ್ನಿನ ಸ್ಟೂಲಿನ ಮೇಲೆ ಕೂತೆ. ಪಾದ ತುಳಿಮಣೆಯ ಮೇಲೆ ತಾನಾಗಿ ಹೋಯಿತು.

“ವಿಭಾ, ನನ್ ಹತ್ರ ಇಲ್ಲ.”

ಅವಳು ನಿಂತೇ ಇದ್ದಳು.

“ಇರೋದು ಒಂದು ಠೇವಣಿ. ಅದನ್ನ ಮುರಿಯಲ್ಲ. ಮುರಿದ್ರೆ ನನಗೆ ಊಟಕ್ಕಿಲ್ಲ. ನಿಂಗೆ ಕೊಟ್ಟಿದ್ದೆಲ್ಲ, ಸೈಕಲ್ಲು, ಸೀರೆ, ಇರೋದ್ರಿಂದ ಕೊಟ್ಟಿದ್ದಲ್ಲ ಮಗಳೇ, ಭಯದಿಂದ ಕೊಟ್ಟಿದ್ದು. ಇಲ್ಲ ಅಂತ ಹೇಳೋಕೆ ಬರ್ತಿರ್ಲಿಲ್ಲ. ಈಗ ಹೇಳ್ತಿದೀನಿ.”

ಬೇಜಾರಾಗುತ್ತಾಳೆ, ಬಾಗಿಲು ಎಳೆದುಕೊಂಡು ಹೋಗುತ್ತಾಳೆ, ಅಳಿಯನ ಮುಂದೆ ನನ್ನ ಮಾನ ಹೋಗುತ್ತದೆ ಎಂದೆಲ್ಲ ಯೋಚಿಸಿಟ್ಟುಕೊಂಡಿದ್ದೆ. ಹೋದರೂ ಹೋಗಲಿ, ಮಾತು ಹಿಂತೆಗೆದುಕೊಳ್ಳುವುದಿಲ್ಲ ಎಂದು ಹಲ್ಲು ಕಚ್ಚಿ ಕೂತಿದ್ದೆ. ವಿಭಾ ನನ್ನ ಎದುರು ನೆಲದ ಮೇಲೆ ಕುಸಿದು ಕೂತಳು. ನನ್ನ ಮಂಡಿಯ ಮೇಲೆ ತಲೆ ಇಟ್ಟಳು. ಅವಳ ಭುಜ ಅಲುಗುತ್ತಿತ್ತು.

“ನಮ್ಮ ಹತ್ರಾನೂ ಇಲ್ಲಮ್ಮ,” ಅಂದಳು. “ಎಷ್ಟು ತಿಂಗಳಿಂದಾನೋ ಇಲ್ಲ. ಯಾರ್‌ಗೂ ಹೇಳಿಲ್ಲ.”

ನಾನು ಅವಳ ತಲೆ ಸವರಿದೆ. ಸೂರಿನ ಮೇಲೆ ಯಾರಾದರೂ ಅಸ್ತು ಅನ್ನುವುದಿದ್ದರೆ ಧಾರಾಳವಾಗಿ ಅನ್ನಲಿ ಎಂದುಕೊಂಡೆ.

“ಸರಿ. ಏನಿಲ್ಲ ಅಂತ ಇಬ್ಬರಿಗೂ ಗೊತ್ತಾಯ್ತು,” ಅಂದೆ. “ಈಗ ಏನಿದೆ ಅಂತ ಹೇಳು.”